ಧ್ರುವವೃತ್ತವನ್ನು ದಾಟುವ ಹಾದಿ

ಕೆನಡಾ ದೇಶದ ವಾಯವ್ಯ ಮೂಲೆಯಲ್ಲಿ ಯೂಕಾನ್ ಎಂಬ ಪ್ರಾಂತವಿದೆ. 1896ರಲ್ಲಿ ಅಲ್ಲಿಯ ಕ್ಲಾಂಡೈಕ್ ನದಿಯ ಬಳಿ ಚಿನ್ನ ದೊರೆಯಿತೆಂಬ ಸುದ್ದಿ ಹಬ್ಬಿ, ಜನ ಸಾವಿರಗಟ್ಟಲೆ ಬಂದು ಮುತ್ತಿದರು. ಡಾಸನ್ ಎಂಬ ಊರು ನೋಡನೋಡುತ್ತ ತಲೆಯೆತ್ತಿತು. ಆ ಚಿನ್ನದ ಸಂಭ್ರಮ ಇಳಿದು ಬಹುಕಾಲವಾಯಿತು. ಇಂದು ಬೇಸಗೆಯಲ್ಲಿ ಅಲ್ಲಿಗೆ ಬರುವ ಹಲವರನ್ನು ಸೆಳೆಯುವುದು ಬೇರೊಂದು ಆಸೆ. ಊರಿಗೆ ಪೂರ್ವದಲ್ಲಿ ಸುಮಾರು 40 ಕಿಲೋಮೀಟರು ದೂರದಲ್ಲಿ ಕವಲೊಡೆದು, ನೇರ ಉತ್ತರದ ಹಿಮನಾಡಿಗೆ ಮುಖಮಾಡಿದ ಜಲ್ಲಿಯ ಹಾದಿಯೊಂದಿದೆ. ಅದೇ ಡೆಂಪ್‌ಸ್ಟರ್ ಹೆದ್ದಾರಿ.

ಈ ಹಾದಿಗೆ ಇಳಿಯುವ ಪ್ರವಾಸಿಗಳಲ್ಲಿ ಅನೇಕರ ವಾಹನ ಚಕ್ರವುಳ್ಳ ಮನೆ. ಮುಂದೆ ಚಾಲಕನ ಪೀಠ. ಹಿಂದೆ ಮಂಚ, ಒಲೆ, ಪಾತ್ರೆಪಡಗ, ನೀರಿನ ಡಬ್ಬ. ಮನೆಯನ್ನೇ ಬೆನ್ನಮೇಲೆ ಹೊತ್ತ ಆಮೆಯಂತೆ ವ್ಯಾನು ಸಾಗುತ್ತದೆ. ಕವಲು ಬಿಟ್ಟರೆ ಮುಂದಿನ ಪೆಟ್ರೋಲು ಬಂಕು ಸುಮಾರು 370 ಕಿಲೋಮೀಟರಿನಾಚೆ, ಈಗಲ್ ಪ್ಲೇನ್ಸ್ ಎಂಬಲ್ಲಿ. ಅದೂ ಊರಲ್ಲ, ಒಂಟಿ ಹೋಟೆಲು, ಬಂಕು, ಟೈರು ರಿಪೇರಿಯ ಷೆಡ್ಡು, ಅಷ್ಟೆ. ಹಾದಿಯ ಚೂಪುಗಲ್ಲುಗಳು ಟೈರನ್ನು ಸೀಳುವುದು ಸಾಮಾನ್ಯವಾದುದರಿಂದ, ಬಲ್ಲವರು ಎರಡು ಹೆಚ್ಚುವರಿ ಟೈರುಗಳಿಲ್ಲದೆ ಹೊರಡರು.

ಉತ್ತರಕ್ಕೆ ಹೋದಂತೆ ಮರಗಳು ಕುಳ್ಳಾಗುತ್ತವೆ, ಬಳಿಕ ಇಲ್ಲವಾಗುತ್ತವೆ. ನೆಲದ ಒಡಲು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಅದು ಕರಗಿದರೆ ರಸ್ತೆ ಕುಸಿಯಬೇಕಾದುದೇ. ಆದಕಾರಣ ಇಂಜಿನಿಯರರು ನೆಲವನ್ನು ಅಗೆಯಲಿಲ್ಲ. ಒಂದರಿಂದ ಎರಡು ಮೀಟರಿಗೂ ಮಿಕ್ಕ ದಪ್ಪದ ಜಲ್ಲಿಯ ಹೊದಿಕೆಯನ್ನು ಅದರ ಮೇಲೆ ಹಾಸಿ, ಒಳಗಿನ ತಣ್ಪು ಹೊರಬೀಳದಂತೆ ಕಾಪಾಡಿದರು. ಹೀಗೆ ಇನ್ಯೂವಿಕ್ ಪಟ್ಟಣದವರೆಗಿನ ಸುಮಾರು 740 ಕಿಲೋಮೀಟರಿನ ಹಾದಿ 1979ರಲ್ಲಿ ಸಂಚಾರಕ್ಕೆ ತೆರೆಯಿತು.

ಆದರೆ ಈ ಹಾದಿಗೆ ಆ ಹೆಸರು ಬಂದ ಬಗೆ ಬಲ್ಲವರಿಗೆ ಅದರ ಚೆಲುವಿನ ಜೊತೆಗೇ ಒಂದು ವಿಷಾದವೂ ಕಾಣುತ್ತದೆ. ರಸ್ತೆ ಹುಟ್ಟುವ ಮೊದಲು ಚಳಿಗಾಲದ ಅಂಚೆಯನ್ನು ಪೊಲೀಸರು ನಾಯಿಗಳು ಎಳೆಯುವ ಜಾರುಬಂಡಿಗಳಲ್ಲಿ ಒಯ್ಯುತ್ತಿದ್ದರು. 1910ರ ಡಿಸೆಂಬರ್ 21ರಂದು ಇನ್ಸ್‌ಪೆಕ್ಟರ್ ಫಿಟ್ಜ್‌ಜೆರಾಲ್ಡ್ ಮೂವರು ಸಂಗಡಿಗರೊಡನೆ ಫೋರ್ಟ್ ಮ್ಯಾಕ್‌ಫರ್ಸನ್ನಿನಿಂದ ಡಾಸನ್ನಿಗೆ ಹೊರಟ. ಬೇಗ ತಲಪುವ ಹುರುಪಿನಲ್ಲಿ ಆಹಾರವನ್ನು ಕಡಿಮೆ ತೆಗೆದುಕೊಂಡಿದ್ದ. ನಡುದಾರಿಯಲ್ಲಿ ಈಸಾ ಜಾರ್ಜ್ ಎಂಬ ಗ್ವಿಚಿನ್ ಜನಾಂಗದವನು ಕೆಲವು ದಿನ ದಾರಿ ತೋರಿಸಿದ. ಅವನಿಗೆ ಕೂಲಿ ಕೊಟ್ಟು ಕಳುಹಿಸಿದರು. ದಾರಿ ಬಲ್ಲೆನೆಂದು ಬಂದಿದ್ದ ಸಂಗಡಿಗನಿಗೆ ಮುಂದೆ ತಿರುಗಬೇಕಾದ ತೊರೆಯೇ ಸಿಗಲಿಲ್ಲ. ಹುಡುಕಾಟದಲ್ಲಿ ದಿನಗಳು ಕಳೆದುವು, ಬುತ್ತಿ ಮುಗಿಯಿತು. ಹಿಂದಿರುಗುವ ನಿರ್ಧಾರ ಬಹಳ ತಡವಾಗಿ ಬಂತು. ಎಳೆಯುವ ನಾಯಿಗಳನ್ನೇ ಕೊಂದು ತಿನ್ನುತ್ತ ನಡೆದ ನಾಲ್ವರೂ, ಹೊರಟ ಠಾಣೆಗೆ 60 ಕಿಲೋಮೀಟರಿನೊಳಗೆ ಬಂದು ಪ್ರಾಣಬಿಟ್ಟರು.

1911ರ ಮಾರ್ಚಿಯಲ್ಲಿ ಅವರ ಶವಗಳನ್ನು ಪತ್ತೆಹಚ್ಚಿದವನು ಕಾರ್ಪೊರಲ್ ಡೆಂಪ್‌ಸ್ಟರ್. ಅವನ ತಂಡದಲ್ಲಿ ಸ್ಥಳೀಯನಾದ ಚಾರ್ಲಿ ಸ್ಟೂಅರ್ಟ್ ಎಂಬ ಮಾರ್ಗದರ್ಶಕನಿದ್ದ. ಎರಡು ಪಯಣಗಳಿಗೂ ಚಳಿ ಒಂದೇ, ಹಿಮ ಒಂದೇ; ನೆಲವನ್ನು ಬಲ್ಲವನು ಒಂದರಲ್ಲಿ ಕೊನೆಯವರೆಗೂ ಇದ್ದ, ಇನ್ನೊಂದರಲ್ಲಿ ಇರಲಿಲ್ಲ.

ಇಂದು ವ್ಯಾನಿನ ಯಾತ್ರಿಕರು ಧ್ರುವವೃತ್ತವನ್ನು ದಾಟಿ, ಪೀಲ್ ನದಿಯನ್ನು ದಾಟಿ, ಫೋರ್ಟ್ ಮ್ಯಾಕ್‌ಫರ್ಸನ್ನಿನ ಇಗರ್ಜಿಯಂಗಳದಲ್ಲಿ ಆ ನಾಲ್ವರ ಸಮಾಧಿಯ ಮುಂದೆ ನಿಲ್ಲುತ್ತಾರೆ. ಮುಂದೆ ಮೆಕೆಂಜಿ ಮಹಾನದಿ. ಎರಡು ನದಿಗಳಿಗೂ ಸೇತುವೆಯಿಲ್ಲ. ಬೇಸಗೆಯಲ್ಲಿ ವಾಹನಗಳನ್ನು ಹೊತ್ತು ದಾಟಿಸುವ ಲಾಂಚು. ಚಳಿಗಾಲದಲ್ಲಿ ಮಂಜುಗಡ್ಡೆಯೇ ಸೇತುವೆ. ನದಿ ಹೆಪ್ಪುಗಟ್ಟುವ ಮತ್ತು ಒಡೆಯುವ ವಾರಗಳಲ್ಲಿ ಎರಡೂ ಇಲ್ಲ, ಕಾಯುವುದೊಂದೇ ಉಪಾಯ.

ಇನ್ಯೂವಿಕ್ಕಿನಲ್ಲಿ ಬೇಸಗೆಯ ಐವತ್ತಕ್ಕೂ ಹೆಚ್ಚು ದಿನ ಸೂರ್ಯ ಮುಳುಗುವುದಿಲ್ಲ. ಮಲಗಲು ವ್ಯಾನಿನ ಕಿಟಕಿಗಳಿಗೆ ಕಂಬಳಿ ಕಟ್ಟಬೇಕು. ಅಲ್ಲಿಂದ ಟಕ್ಟೊಯಾಕ್ಟಕ್‌ವರೆಗೆ ಸುಮಾರು 140 ಕಿಲೋಮೀಟರಿನ ರಸ್ತೆ 2017ರ ನವೆಂಬರಿನಲ್ಲಿ ತೆರೆದು, ಹಾದಿ ಉತ್ತರ ಧ್ರುವಸಾಗರವನ್ನು ಮುಟ್ಟಿತು. ಆದರೆ ಆ ಇನುವಿಯಾಲುಯಿಟ್ ಜನರ ಊರಿನ ದಡದಲ್ಲಿ ಹೆಪ್ಪುನೆಲ ಕರಗುತ್ತಿದೆ. ಅಲೆಗಳು ಅದನ್ನು ಕೊರೆಯುತ್ತಿವೆ. ಕೆಲವು ಮನೆಗಳನ್ನು ಒಳಕ್ಕೆ ಸಾಗಿಸಬೇಕಾಯಿತು. ಹೊದಿಕೆ ಹಾಸಿ ಕಾಪಾಡಿದ ರಸ್ತೆಗೂ ಅದೇ ಭಯ.

ಕಡಲ ನೀರಿನಲ್ಲಿ ಕಾಲು ಅದ್ದಿದ ಯಾತ್ರಿಕನಿಗೆ ಮರಳಲು ಬೇರೆ ರಸ್ತೆಯಿಲ್ಲ. ಬಂದ ಹಾದಿಯೇ ಹಿಂದಿರುಗುವ ಹಾದಿ. ಮೆಕೆಂಜಿಯ ದಡದಲ್ಲಿ ಅವನು ಮತ್ತೆ ವ್ಯಾನು ನಿಲ್ಲಿಸಿ ಕೆಳಗಿಳಿಯುತ್ತಾನೆ. ಬೆಟ್ಟದ ಕಡೆ ಮಳೆಯಾಗಿದೆಯೆ, ಮುಂದಿನ ಹಾದಿ ಹೇಗಿದೆಯೆಂದು ಲಾಂಚಿನವರನ್ನು ಕೇಳುತ್ತಾನೆ. ಅವರು ನಿಲ್ಲೆಂದರೆ ನಿಲ್ಲುತ್ತಾನೆ.