ಲಡ್ಡು ಮರದೊಳಗಣ ಸಂಸಾರ

ಮಳೆಗಾಲದ ಸಂಜೆ ನೀಳವಾದ ಕಾಲುಗಳುಳ್ಳ ಕೀಟವೊಂದು ತೂರಾಡುತ್ತ ದೀಪದ ಬಳಿಗೆ ಬರುವುದನ್ನು ವಾಚಕರು ಕಂಡಿರಬಹುದು. ದೊಡ್ಡ ಸೊಳ್ಳೆಯೆಂದು ಹೆದರಿ ಅದನ್ನು ಬಡಿದು ಕೊಲ್ಲುವುದುಂಟು. ಆದರೆ ಕ್ರೇನ್ ನೊಣವೆಂಬ ಈ ಸಾಧುಪ್ರಾಣಿಗೆ ರಕ್ತ ಹೀರತಕ್ಕ ಬಾಯಿಯೇ ಇಲ್ಲ. ಮುಟ್ಟಿದರೆ ಕಾಲು ಮುರಿದು ಕೈಗೆ ಬರುವಷ್ಟು ಕೋಮಲವಾದುದು.

ಇದರ ಕೆಲವು ಜಾತಿಗಳಿಗೆ ಸತ್ತ ಮರವೇ ತೊಟ್ಟಿಲು. ತಾಯಿನೊಣವು ಮೊನಚಾದ ಬಾಲದ ತುದಿಯಿಂದ ಮೆತ್ತಗಾದ ಮರದಲ್ಲಿ ತತ್ತಿಗಳನ್ನಿಡುವುದು. ಅಣಬೆಯ ಎಳೆಗಳು ಮೃದುಗೊಳಿಸಿದ ಮರವನ್ನು ಮರಿಹುಳುಗಳು ಮೆಲ್ಲುತ್ತ ಒಳಗೇ ಬೆಳೆದು, ಮರವನ್ನು ಮಣ್ಣಾಗಿಸಲು ನೆರವಾಗುವುವು. ರೆಕ್ಕೆ ಮೂಡಿದ ಬಳಿಕ ಬಾಳು ಕೆಲವೇ ದಿನಗಳದು. ಆಯುಷ್ಯದ ಬಹುಭಾಗವು ಆ ಕತ್ತಲೆಯಲ್ಲಿಯೇ ಕಳೆಯುವುದು.

ಬ್ರುನೆಟ್ಟಿ ಎಂಬವರು ೧೯೧೨ರಲ್ಲಿ ಭಾರತದ ಇಂಥ ನೊಣಗಳನ್ನು ವರ್ಣಿಸಿ ಗ್ರಂಥವೊಂದನ್ನು ಹೊರತಂದರು. ಅಮೆರಿಕದ ಚಾರ್ಲ್ಸ್ ಅಲೆಗ್ಸಾಂಡರರು (೧೮೮೯–೧೯೮೧) ದಕ್ಷಿಣ ಭಾರತದವೂ ಸೇರಿದಂತೆ ಹತ್ತು ಸಾವಿರಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಟ್ಟರು. ಒಂದು ಜನ್ಮಕ್ಕೆ ಇದು ಸಾಮಾನ್ಯವಾದ ದುಡಿಮೆಯಲ್ಲ!

ಯಲಹಂಕದ ಬಳಿಯ ಜಾರಕಬಂಡೆ ಕಾವಲು, ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ತೋಪುಗಳು, ಹಳೆಯ ಶಾಲೆಗಳ ಆವರಣಗಳು – ನಗರದ ಉತ್ತರಭಾಗದಲ್ಲಿ ಮರವು ಬಿದ್ದಲ್ಲಿಯೇ ಕೊಳೆಯಲು ಎಡೆಯಿರುವುದು ಇಂಥ ಕಡೆಗಳಲ್ಲಿ ಮಾತ್ರ. ಒಲೆಗೆಂದು ಪುಳ್ಳೆಯಾಯುವ ಬಡವಳನ್ನು ದೂರಲಾಗದು. ಚೊಕ್ಕಟದ ಹೆಸರಿನಲ್ಲಿ ರಾಶಿಹಾಕಿ ಸುಡುವವರಿಗೆ ಏನೆನ್ನೋಣ? ತೇವವಾರಿದರೂ ಸಾಕು, ಹುಳುಗಳು ಸಾಯುವುವು. ಆದುದರಿಂದ ಮಕ್ಕಳು ಕುತೂಹಲದಿಂದ ಬಿದ್ದ ದಿಮ್ಮಿಯನ್ನು ಹೊರಳಿಸಿದರೆ, ನೋಡಿದ ಮೇಲೆ ಒದ್ದೆಯ ಮಗ್ಗುಲು ನೆಲಕ್ಕೆ ತಾಗುವಂತೆ ಮೊದಲಿನ ಹಾಗೆಯೇ ಇಡತಕ್ಕದ್ದು.