ಬೀಜದ ಬುಟ್ಟಿ

ಮುಂಗಾರಿನ ಮೊದಲ ಮಳೆ ಹದವಾಗಿ ಸುರಿದು ನೆಲ ನೆನೆದಾಗ ರೈತನ ಮನೆಯಿಂದ ಕೂರಿಗೆ ಹೊರಬರುತ್ತದೆ. ಆದರೆ ಅದಕ್ಕೂ ಮೊದಲು ಹೊರಬರಬೇಕಾದುದು ಬೀಜದ ಬುಟ್ಟಿ. ಹಿಂದಿನಿಂದಲೂ ಆ ಬುಟ್ಟಿಯ ಹೊಣೆ ಮನೆಯ ಹೆಣ್ಣುಮಕ್ಕಳದಾಗಿತ್ತು. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಅವರು ಕಾಳು ತುಂಬಿದ, ರೋಗ ತಗಲದ ತೆನೆಗಳನ್ನು ಗುರುತಿಸಿ ಬೇರೆಯಾಗಿ ಕೊಯ್ದು ತರುತ್ತಿದ್ದರು. ಬಿಸಿಲಿನಲ್ಲಿ ಒಣಗಿಸಿದ ಕಾಳಿಗೆ ಬೂದಿ ಬೆರೆಸಿ, ಬೇವಿನ ಎಲೆ ಹರಡಿ, ಬುಟ್ಟಿಯ ಬಾಯಿಯನ್ನು ಸಗಣಿ ಮಣ್ಣಿನಿಂದ ಮೆತ್ತಿ ಇಡುತ್ತಿದ್ದರು. ಈ ಕೆಲಸಕ್ಕೆ ಕೂಲಿಯಿರಲಿಲ್ಲ, ಹೆಸರೂ ಇರಲಿಲ್ಲ. ಅದು ತಪ್ಪಿದ ವರ್ಷ ಮಾತ್ರ ಅದರ ಬೆಲೆ ತಿಳಿಯುತ್ತಿತ್ತು. ಬಿತ್ತನೆಯ ವೇಳೆಗೆ ಬೀಜವಿಲ್ಲದ ರೈತನು ಸಾಲಕ್ಕಾಗಿ ಪರರ ಬಾಗಿಲಿನಲ್ಲಿ ನಿಲ್ಲಬೇಕಾಗುತ್ತಿತ್ತು.

ಕಾಲ ಬದಲಾಯಿತು. ಬೀಜವನ್ನು ಅಂಗಡಿಯಿಂದ ಕೊಳ್ಳುವ ಪದ್ಧತಿ ಬೆಳೆದಂತೆ ಅನೇಕ ಮನೆಗಳಲ್ಲಿ ಬುಟ್ಟಿ ಬರಿದಾಯಿತು. ಬರಿದಾದ ಆ ಬುಟ್ಟಿಯನ್ನು ಮತ್ತೆ ತುಂಬಿದ ಮಹಿಳೆಯರ ಸಂಘಗಳು ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿವೆ. ಈ ಸೀಮೆ ಕನ್ನಡಿಗರಿಗೆ ದೂರದ್ದಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಇದು ಬೀದರ ಜಿಲ್ಲೆಗೆ ಸೇರಿತ್ತು. ಇದು ಮಳೆಯನ್ನೇ ನಂಬಿದ ಒಣಭೂಮಿಯ ಪ್ರದೇಶ. ಜೋಳವೇ ಇಲ್ಲಿನ ಬಡವರ ಮುಖ್ಯ ಆಹಾರವಾಗಿತ್ತು.

1983ರಲ್ಲಿ ಇಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಪಿ. ವಿ. ಸತೀಶ್ (1945–2023) ಮೈಸೂರಿನಲ್ಲಿ ಜನಿಸಿದವರು. ಮೊದಲು ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. ಸಂಸ್ಥೆಯ ನೆರವಿನಿಂದ ಹಳ್ಳಿಹಳ್ಳಿಗಳಲ್ಲಿ ಮಹಿಳೆಯರ ಸಂಘಗಳು ಏರ್ಪಟ್ಟವು. ಅವುಗಳ ಸದಸ್ಯರಲ್ಲಿ ಬಹುಪಾಲು ಜನ ದಲಿತ ಕುಟುಂಬಗಳವರು. ಶಾಲೆಯ ಮೆಟ್ಟಿಲು ಹತ್ತುವ ಅವಕಾಶ ದೊರೆಯದವರು. ಕಾಲಕ್ರಮದಲ್ಲಿ ಈ ಸಂಘಗಳು ಸುಮಾರು 75 ಹಳ್ಳಿಗಳಿಗೆ ಹರಡಿದವು.

ಆ ದಿನಗಳಲ್ಲಿ ಅವರ ಮುಂದೆ ಒಂದು ವಿಚಿತ್ರ ಸಮಸ್ಯೆಯಿತ್ತು. ಅದೇ 1983ರಲ್ಲಿ ಆಂಧ್ರಪ್ರದೇಶ ಸರ್ಕಾರವು ಕಿಲೋಗ್ರಾಮಿಗೆ ಎರಡು ರೂಪಾಯಿಯಂತೆ ಬಡವರಿಗೆ ಅಕ್ಕಿ ನೀಡತೊಡಗಿತು. ಹಸಿದವರಿಗೆ ಅದು ಆಸರೆಯಾಯಿತು, ನಿಜ. ಆದರೆ ಅಕ್ಕಿ ಈ ನೆಲದ ಬೆಳೆಯಲ್ಲ. ಅದು ಹೊರಗಿನಿಂದ ಬರಬೇಕು. ಅಗ್ಗದ ಅಕ್ಕಿ ಬಂದಂತೆ ಜೋಳಕ್ಕೆ ಬೇಡಿಕೆ ಕುಗ್ಗಿತು. ಗೊಬ್ಬರಕ್ಕೂ ಆಳಿಗೂ ಹಣ ಹಾಕಲಾರದ ಬಡ ರೈತರ ಹೊಲಗಳು ಬೀಳುಬಿದ್ದವು. ಹೊಲ ಬೀಳುಬಿದ್ದೊಡನೆ ಕೂಲಿಯೂ ಹೋಯಿತು, ದನಗಳ ಮೇವೂ ಹೋಯಿತು, ಮನೆಯ ಬೀಜವೂ ಹೋಯಿತು. ಊರಿನ ಹೊಲದಲ್ಲೇ ಊರಿನ ಅನ್ನವನ್ನು ಏಕೆ ಬೆಳೆಯಬಾರದು ಎಂಬ ಪ್ರಶ್ನೆ ಸಂಘಗಳಲ್ಲಿ ಎದ್ದಿತು.

ಅದಕ್ಕೆ ಉತ್ತರವಾಗಿ 1990ರ ದಶಕದ ಮಧ್ಯಭಾಗದಲ್ಲಿ ‘ಸಮುದಾಯ ಧಾನ್ಯನಿಧಿ’ ಆರಂಭವಾಯಿತು. ಇದರ ಕ್ರಮ ಸರಳವಾದುದು. ಬೀಳು ಹೊಲವುಳ್ಳ ಸಣ್ಣ ರೈತರಿಗೆ ಉಳುಮೆ, ಗೊಬ್ಬರ, ಬಿತ್ತನೆ, ಕಳೆ ಕೀಳುವಿಕೆಗಳಿಗಾಗಿ ಮುಂಗಡ ಹಣ ನೀಡಲಾಗುತ್ತಿತ್ತು. ರೈತನು ಆ ಸಾಲವನ್ನು ಹಣದ ರೂಪದಲ್ಲಿ ತೀರಿಸಬೇಕಾಗಿರಲಿಲ್ಲ. ಕೆಲವು ವರ್ಷಗಳ ಕಾಲ ಜೋಳದ ರೂಪದಲ್ಲಿ ಊರಿನ ನಿಧಿಗೆ ಅಳೆಯಬೇಕಾಗಿತ್ತು. ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ಹೊಲಹೊಲಕ್ಕೆ ಹೋಗಿ ನೋಡುವವರು, ಧಾನ್ಯವನ್ನು ಕೆಡದಂತೆ ಕಾಪಾಡುವವರು ಮಹಿಳೆಯರೇ. ದುಡಿಮೆಯಿಲ್ಲದೆ ಮನೆಯ ಗಡಿಗೆ ಬರಿದಾಗುವ ಮಳೆಗಾಲದ ತಿಂಗಳುಗಳಲ್ಲಿ ಆ ಜೋಳವನ್ನು ಬಡವರಿಗೆ ಕಡಿಮೆ ಬೆಲೆಗೆ ಮಾರಲಾಗುತ್ತಿತ್ತು. ಬಡವರು ಯಾರೆಂಬುದನ್ನು ಗ್ರಾಮಸ್ಥರೆಲ್ಲ ಒಂದೆಡೆ ಸೇರಿ, ನೆಲದ ಮೇಲೆ ಬಣ್ಣದ ಪುಡಿಯಿಂದ ಊರಿನ ನಕ್ಷೆ ಬರೆದು, ಮನೆಮನೆಯ ಸ್ಥಿತಿಯನ್ನು ಚರ್ಚಿಸಿ ನಿರ್ಧರಿಸುತ್ತಿದ್ದರು. ಹೀಗೆ ಮೂವತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ 2,500 ಎಕರೆಗೂ ಮಿಕ್ಕಿದ ಬೀಳುಭೂಮಿ ಮತ್ತೆ ಹಸಿರಾಯಿತು.

ಬೆಳೆ ಮರಳಿದಂತೆ ಬೀಜವೂ ಮರಳಬೇಕಾಗಿತ್ತು. ಅದಕ್ಕಾಗಿ ಸಂಘಗಳು ಊರಿನಲ್ಲೇ ಬೀಜದ ಭಂಡಾರಗಳನ್ನು ತೆರೆದವು. ಇಲ್ಲಿ ಹಣದ ವ್ಯವಹಾರವಿಲ್ಲ. ಬಿತ್ತನೆಗೆ ಬೀಜ ಒಯ್ದವರು ಸುಗ್ಗಿಯಲ್ಲಿ ಒಯ್ದುದಕ್ಕಿಂತ ಹೆಚ್ಚು ಅಳೆದು ಹಿಂದಿರುಗಿಸುತ್ತಾರೆ. ಆ ಹೆಚ್ಚಳವು ಮತ್ತೊಂದು ಮನೆಯ ಬಿತ್ತನೆಗೆ ಒದಗುತ್ತದೆ. ಇವರ ಹೊಲದಲ್ಲಿ ಜೋಳದೊಡನೆ ತೊಗರಿ, ಹೆಸರು, ಅಲಸಂದೆ, ನವಣೆ ಮೊದಲಾದ ಹಲವು ಬೆಳೆಗಳು ಕೂಡಿ ಬೆಳೆಯುತ್ತವೆ. ಮಳೆ ಕೈಕೊಟ್ಟು ಒಂದು ಬೆಳೆ ಸೋತರೆ ಇನ್ನೊಂದು ಮನೆಯನ್ನು ಕಾಯುತ್ತದೆ. ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ನೆಲದ ಸಾರವೂ ಉಳಿಯುತ್ತದೆ. ಪ್ರತಿವರ್ಷ ಸಂಕ್ರಾಂತಿಯ ವೇಳೆಗೆ ಬಗೆಬಗೆಯ ಬೀಜಗಳನ್ನು ಹೊತ್ತ ಎತ್ತಿನ ಗಾಡಿಗಳ ಮೆರವಣಿಗೆ ಊರಿಂದೂರಿಗೆ ಸಾಗುವ ಹಬ್ಬವನ್ನೂ ಇವರು ರೂಢಿಗೆ ತಂದರು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಈ ಕಾರ್ಯಕ್ಕೆ ಈಕ್ವೇಟರ್ ಪ್ರಶಸ್ತಿ ನೀಡಿತು.

ಅದೇ ಪ್ರಶಸ್ತಿ 2025ರಲ್ಲಿ ಕರ್ನಾಟಕದ ಒಂದು ಸಂಘಕ್ಕೂ ದೊರೆಯಿತು. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ 2018ರಲ್ಲಿ ಹದಿನೈದು ಮಂದಿ ಸೇರಿ ಕಟ್ಟಿದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘವೇ ಅದು. ಈ ಸಂಘವೂ ಸಿರಿಧಾನ್ಯಗಳ ಬೀಜವನ್ನು ಕೂಡಿಟ್ಟು ಸುತ್ತಲಿನ ರೈತರಿಗೆ ಹಂಚುತ್ತದೆ. ನವಣೆ, ಸಾವೆಗಳ ಹೊಟ್ಟು ಕಾಳಿಗೆ ಬಿಗಿಯಾಗಿ ಅಂಟಿರುತ್ತದೆ. ಅದನ್ನು ಒನಕೆಯಿಂದ ಕುಟ್ಟಿ ಬಿಡಿಸುವ ಶ್ರಮಕ್ಕೆ ಬೇಸತ್ತೇ ಎಷ್ಟೋ ಮನೆಗಳು ಆ ಧಾನ್ಯಗಳನ್ನು ಕೈಬಿಟ್ಟಿದ್ದವು. ಹೊಟ್ಟು ಬಿಡಿಸುವ ಯಂತ್ರಗಳನ್ನು ಸಂಘವೇ ನಡೆಸತೊಡಗಿದುದರಿಂದ ಆ ತೊಡಕು ನೀಗಿತು.

ಇಷ್ಟೆಲ್ಲ ದುಡಿದರೂ ಭೂಮಿಯ ದಾಖಲೆಯಲ್ಲಿ ಮಹಿಳೆಯ ಹೆಸರು ವಿರಳ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಮಹಿಳೆಯರು ನೂರಕ್ಕೆ ಸುಮಾರು 14 ಮಾತ್ರ. ಹೊಲದ ಒಡೆತನವಿಲ್ಲದವರು ಹೊಲದ ಬಗ್ಗೆ ನಿರ್ಧಾರ ಕೈಗೊಳ್ಳುವುದು ಕಷ್ಟ. ಒಬ್ಬಳೇ ಹೇಳಿದಾಗ ಯಾರೂ ಕಿವಿಗೊಡದ ಮಾತು ಸಂಘದ ಮಾತಾದಾಗ ಊರಿನ ತೀರ್ಮಾನವಾಗುತ್ತದೆ. ಸಂಘದ ನಿಜವಾದ ಬಲ ಇದೇ. ಬೀಜವನ್ನು ಕಾಯ್ದ ಕೈಗಳಿಗೆ ಹೊಲದ ಹಕ್ಕೂ ದೊರೆತ ದಿನ ಆ ಬುಟ್ಟಿ ಪೂರ್ಣವಾಗಿ ತುಂಬಿದಂತಾಗುವುದು.