ಪುಸ್ತಕಕ್ಕೇರದ ಗಂಡಾಂತರ

ರನ್‌ವೇ ಮುಚ್ಚಿದ ಸುದ್ದಿ ಅದನ್ನು ನೋಡಿಕೊಳ್ಳುವವರಿಗೇ ಗೊತ್ತಿಲ್ಲದಿದ್ದರೆ ಏನಾದೀತು? 2022ರ ಜನವರಿ 7ರ ಬೆಳಿಗ್ಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಆದದ್ದು ಇದೇ.

ಅಲ್ಲಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು ರನ್‌ವೇ. ನಿಯಂತ್ರಕರೂ ಬೇರೆ ಬೇರೆ. ಡಿಜಿಸಿಎಯ ಪ್ರಾಥಮಿಕ ವರದಿಯಂತೆ, ಅಂದು ಪಾಳಿಯ ಮುಖ್ಯಸ್ಥರು ದಕ್ಷಿಣದ್ದು ಬೇಡ, ಉತ್ತರದ್ದೊಂದೇ ಸಾಕು ಅಂದರು. ಆದರೆ ಈ ಮಾತು ದಕ್ಷಿಣದವರ ಕಿವಿಗೆ ಬೀಳಲೇ ಇಲ್ಲ! ಅವರು ಕೋಲ್ಕತ್ತದ ವಿಮಾನಕ್ಕೆ ಹೊರಡಲು ಅಪ್ಪಣೆ ಕೊಟ್ಟರು. ಉತ್ತರದವರು ಭುವನೇಶ್ವರದ್ದಕ್ಕೆ ಕೊಟ್ಟರು.

ಐದು ನಿಮಿಷದೊಳಗೆ ಎರಡೂ ಆಕಾಶಕ್ಕೇರಿ ಒಂದರ ಹತ್ತಿರ ಒಂದು ಬರತೊಡಗಿದವು. ಒಳಗಿದ್ದವರು ಸಿಬ್ಬಂದಿ ಸೇರಿ 426 ಜನ. ರಾಡಾರ್ ಮುಂದೆ ಕೂತಿದ್ದ ನಿಯಂತ್ರಕರು ಕಂಡರು, ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಗಂಡಾಂತರ ತಪ್ಪಿತು.

ತಪ್ಪದಿದ್ದರೆ? 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಎರಡು ವಿಮಾನ ಡಿಕ್ಕಿ ಹೊಡೆದು 349 ಜನ ಸತ್ತರು. ಒಬ್ಬರೂ ಉಳಿಯಲಿಲ್ಲ.

ಇಲ್ಲಿ 426 ಜನ ಬದುಕಿದರು, ಸರಿ. ಆದರೆ ನಡೆದದ್ದನ್ನು ಲಾಗ್‌ಬುಕ್ಕಿನಲ್ಲಿ ಯಾರೂ ಬರೆಯಲಿಲ್ಲ; ಮೇಲಿನವರಿಗೆ ವರದಿಯೂ ಹೋಗಲಿಲ್ಲ. ಸುದ್ದಿ ಹೊರಬಿದ್ದದ್ದು ಹತ್ತು ದಿನ ಕಳೆದ ಮೇಲೆ.

ತಪ್ಪು ಯಾರ ಕೈಯಲ್ಲಾದರೂ ಆದೀತು. ಬರೆದಿಟ್ಟರೆ ನಾಳಿನ ಪಾಳಿಯವರಿಗೆ ಅದೇ ಪಾಠ. ಬರೆಯದೆ ಬಿಟ್ಟರೆ, ಟಿಕೆಟ್ಟು ಕೊಂಡು ಹತ್ತುವವರು ದೇವರ ಮೇಲೆ ಭಾರ ಹಾಕಿ ಕೂರಬೇಕೇ?